ಇನೋಯತ್ ಬುವಿಯ ರೇಷ್ಮೆ ರಜಾಯಿ

ಮರ್ಗಿಲಾನ್ ಪೇಟೆಯ ಆಚೆ, ಕಾಲುವೆ ದಂಡೆಯ ಆ ಕೇರಿಯಲ್ಲಿ ಹನ್ನೊಂದು ಮನೆಯವರು ರೇಷ್ಮೆ ಹುಳು ಸಾಕುತ್ತಿದ್ದರು. ಹನ್ನೊಂದೂ ಮನೆಯ ಮೊಟ್ಟೆ ಮೊದಲು ಬರುತ್ತಿದ್ದದ್ದು ಇನೋಯತಳ ಬಾಗಿಲಿಗೆ. ವಯಸ್ಸು ಅರವತ್ತಮೂರು, ಮಂಡಿನೋವು, ಮುಂದೆ ಎರಡು ಚಿನ್ನದ ಹಲ್ಲು; ನಾಲಗೆಗೆ ಮಾತ್ರ ಇನ್ನೂ ಹರೆಯ. ಮದುವೆಯಾಗಿ ಬಂದ ವರ್ಷವೇ ಅತ್ತೆ ಅವಳ ಎದೆಗೆ ಮೊಟ್ಟೆಯ ಬಟ್ಟೆಗಂಟು ಕಟ್ಟಿದ್ದಳು. ಹನ್ನೆರಡು ದಿನ ಮಲಗುವಾಗಲೂ ಬಿಚ್ಚದೆ, ಜೋರಾಗಿ ಕೆಮ್ಮದೆ, ಯಾರೊಂದಿಗೂ ಜಗಳವಾಡದೆ ಮೈಯ ಕಾವು ಕೊಟ್ಟಳು. ಒಂದು ಮೊಟ್ಟೆಯೂ ಜೊಳ್ಳಾಗಲಿಲ್ಲ. ಕೈಗುಣ ಎಂದರೆ ಇನೋಯತಳದು ಎಂದು ಅಂದಿನಿಂದ ಹೆಸರಾಯಿತು. ಈಗ ಬಲ್ಬಿನ ಕಾವು ಬಂದಿದೆ, ಎದೆಗೆ ಕಟ್ಟುವವರಿಲ್ಲ. ಆದರೂ ಪೆಟ್ಟಿಗೆಯನ್ನು ಅವಳು ಒಮ್ಮೆ ಮುಟ್ಟದೆ ಯಾರೂ ಬಲ್ಬು ಹಚ್ಚುತ್ತಿರಲಿಲ್ಲ.

ತನ್ನ ಕೈಗೆ ಬಂದದ್ದು ಬದುಕುತ್ತದೆ ಎಂದು ಅವಳೂ ನಂಬಿದ್ದಳು. ನಂಬಲು ಕಾರಣವೂ ಇತ್ತು. ಮಗ ಎರ್ಗಶ್‌ನ ಒಬ್ಬಳೇ ಮಗಳು ಚರೋಸ್ ಏಳನೇ ತಿಂಗಳಿಗೇ ಹುಟ್ಟಿದವಳು. ಅಂಗೈಯಗಲದ ಆ ಕೂಸನ್ನು ಮೊಟ್ಟೆಗಂಟಿನ ಹಾಗೆಯೇ ಎದೆಗವಚಿಕೊಂಡು ಚಳಿಗಾಲ ದಾಟಿಸಿದವಳು ಇನೋಯತ್. ಎರ್ಗಶ್ ಲಾರಿ ಓಡಿಸುತ್ತ ವಾರಗಟ್ಟಲೆ ಊರಾಚೆ ಇರುತ್ತಿದ್ದ. ಸೊಸೆ ಸಯ್ಯೋರಾ ಹೊಲಿಗೆ ಕಾರ್ಖಾನೆಗೆ ಬೆಳಗ್ಗೆ ಏಳಕ್ಕೆ ಹೋದರೆ ಬರುವುದು ಸಂಜೆ ಏಳಕ್ಕೆ. ಹೀಗಾಗಿ ಚರೋಸ್ ಉಂಡದ್ದು, ಮಲಗಿದ್ದು, ಮಾತು ಕಲಿತದ್ದು ಎಲ್ಲ ಅಜ್ಜಿಯ ಮಗ್ಗುಲಲ್ಲೇ. ಅವಳು "ಬುವಿ" ಎಂದು, ಅಂದರೆ ಅಜ್ಜಿ ಎಂದು, ಕರೆದದ್ದೇ ಕೇರಿಗೆಲ್ಲ ಇನೋಯತಳ ಹೆಸರಾಗಿ ನಿಂತಿತು.

ಚರೋಸ್‌ಗೆ ಐದು ತುಂಬಿದ ವರ್ಷದ ಮೇ ತಿಂಗಳಲ್ಲಿ, ಹುಳು ಪೊರೆ ಕಳಚಲು ಮೂರನೇ ಜ್ವರಕ್ಕೆ ಕುಳಿತಿದ್ದಾಗ, ಅವಳ ಎದೆಯಲ್ಲಿ ಮೊದಲ ಸಲ ಸಿಳ್ಳೆ ಕೇಳಿಸಿತು. ಶೀತ ಎಂದರು. ಮರುವರ್ಷ ಅದೇ ಹೊತ್ತಿಗೆ ಮತ್ತೆ ಬಂತು. ದೃಷ್ಟಿ ಎಂದರು, ಇಸಿರಿಕ್ ಸೊಪ್ಪು ಸುಟ್ಟು ಮನೆಯೆಲ್ಲ ಹೊಗೆ ಹಿಡಿದರು. ಹೊಗೆಗೆ ಮಗು ಇನ್ನಷ್ಟು ಒದ್ದಾಡಿತು. ಮೂರನೇ ವರ್ಷ ಮೇ ತನಕ ಕಾಯಲೇ ಇಲ್ಲ. ಫೆಬ್ರವರಿಯಲ್ಲಿ ಬಂದ ಒಂದು ನೆಗಡಿ ಗೂರಲಾಗಿ ತಿರುಗಿತು. ಸಯ್ಯೋರಾ ಕೆಲಸಕ್ಕೆ ರಜೆ ಹಾಕಿ ಮಗಳನ್ನೂ ಅತ್ತೆಯನ್ನೂ ಪಟ್ಟಣದ ಆಸ್ಪತ್ರೆಗೆ ಕರೆದೊಯ್ದಳು.

ಅಲ್ಲಿನ ಡಾಕ್ಟರು ಮವ್ಜುದಾ ದಪ್ಪ ಕನ್ನಡಕದ ಹೆಂಗಸು, ನಗು ಕಡಿಮೆ. ಉಸಿರಿನೊಂದಿಗೆ ಎಳೆದುಕೊಳ್ಳುವ ಔಷಧಿಯ ಎರಡು ಪಂಪು ಮೇಜಿನ ಮೇಲಿಟ್ಟಳು.

"ಉಬ್ಬಸ ಇದು. ಉಸಿರಿನ ಕೊಳವೆ ಒಳಗೊಳಗೇ ಊದ್ಕೊಂಡಿದೆ. ಮಗು ಆಡ್ಕೊಂಡು ಚೆನ್ನಾಗಿರೋ ದಿನಾನೂ ಆ ಊತ ಇರುತ್ತೆ. ಈ ಕಂದು ಪಂಪು ಊತಕ್ಕೆ. ದಿನಾ ಎರಡು ಹೊತ್ತು, ಈ ಕೊಳವೆ ಸಿಗಿಸಿ ಎಳ್ಕೋಬೇಕು, ಆಮೇಲೆ ಬಾಯಿ ಮುಕ್ಕಳಿಸ್ಬೇಕು. ಹುಷಾರಾದ್ಲು ಅಂತ ಬಿಡೋ ಹಾಗಿಲ್ಲ. ನೀಲಿದು ದಮ್ಮು ಕಟ್ಟಿದಾಗ ಮಾತ್ರ. ನೀಲಿದು ಮತ್ತೆ ಮತ್ತೆ ಬೇಕಾಗ್ತಿದೆ ಅಂದ್ರೆ ಎಲ್ಲೋ ತಪ್ಪಿದೆ ಅಂತರ್ಥ. ಕಾಯ್ಬೇಡಿ, ಓಡಿ ಬನ್ನಿ."

"ಯಾವುದ್ರಿಂದ ಬರುತ್ತೆ ಇದು?" ಎಂದಳು ಇನೋಯತ್.

"ಒಬ್ಬೊಬ್ರಿಗೆ ಒಂದೊಂದು. ಮನೇಲಿ ಏನಿದೆ ಹೇಳಿ."

ಸಯ್ಯೋರಾ ಹುಳುವಿನ ಮಾತೆತ್ತಿದಳು. ಡಾಕ್ಟರ ಪೆನ್ನು ನಿಂತಿತು. ಹುಳು ಒಂದೇ ಸೂರಿನಡಿ ಬೇಡ, ಹುಳು ಮುಟ್ಟಿದ ಬಟ್ಟೆಯಲ್ಲಿ ಮಗುವನ್ನು ಎತ್ತಬೇಡಿ, ಹೊಗೆ ಹಾಕಬೇಡಿ, ಹಳೇ ಹತ್ತಿಯ ಹಾಸಿಗೆಯಲ್ಲಿ ವರ್ಷಗಟ್ಟಲೆ ಧೂಳು ಕೂತಿರುತ್ತೆ, ಅದನ್ನೂ ತೆಗೆಯಿರಿ ಎಂದಳು. ಊದಿದರೆ ಒಳಗಿನ ಮುಳ್ಳು ಏರುವ ಒಂದು ಕೊಳವೆಯನ್ನೂ ಕೊಟ್ಟಳು. ಮುಳ್ಳು ಎಷ್ಟಕ್ಕೆ ಏರಿತು ಎಂದು ಬೆಳಗ್ಗೆ ಸಂಜೆ ಪುಸ್ತಕದಲ್ಲಿ ಬರೆಯುವ ಕೆಲಸ ಸಯ್ಯೋರಾಳದ್ದು, ಪಂಪು ಕೊಡುವುದು ಅಜ್ಜಿಯದು ಎಂದಾಯಿತು.

ಮುದುಕಿ ಡಾಕ್ಟರ ಮಾತು ಕೇಳಿರಲಿಕ್ಕಿಲ್ಲ ಎಂದು ನೀವಂದುಕೊಂಡರೆ ಅದು ತಪ್ಪು. ಕೇಳಿದಳು, ಆ ಕೇರಿಯಲ್ಲಿ ಇನ್ಯಾರೂ ಕೇಳದಷ್ಟು ಕೇಳಿದಳು. ಮನೆಯ ದೊಡ್ಡ ಕೋಣೆಯನ್ನು ಹುಳುವಿಗೆ ಬಿಟ್ಟು ತಾವು ಮೂಲೆಯಲ್ಲಿ ಮಲಗುವುದು ಆ ಕಡೆಯ ರೂಢಿ. ಇನೋಯತ್ ಹುಳುವಿನ ತಟ್ಟೆಗಳನ್ನು ಅಂಗಳದಾಚೆಯ ಹಳೇ ದನದ ಕೊಟ್ಟಿಗೆಗೆ ಸಾಗಿಸಿದಳು. ಕೇರಿ ಬಾಯಿ ಬಾಯಿ ಬಡಿದುಕೊಂಡಿತು. ಇಸಿರಿಕ್ ಕಟ್ಟುಗಳನ್ನು ಕಾಲುವೆಗೆ ಎಸೆದಳು. ಹುಳುವಿನ ಕೆಲಸಕ್ಕೆ ಬೇರೆ ಬಟ್ಟೆ, ಮುಗಿದ ಮೇಲೆ ತಲೆಗೆ ಸ್ನಾನ, ಅದೂ ಏಪ್ರಿಲ್ ಚಳಿಯಲ್ಲಿ.

"ಏನ್ ಬುವಿ, ದೇವರು ಕೊಟ್ಟ ಹುಳಾನ ಸಗಣಿ ವಾಸನೇಲಿ ಮಲಗ್ಸಿದ್ದೀರಂತೆ?" ಪಕ್ಕದ ಮನೆಯ ಬಷೋರತ್ ಬೇಲಿಯ ಮೇಲಿಂದ ಕೇಳಿದಳು. "ಮೊಮ್ಮಗಳಿಗೆ ದೊಡ್ಡ ಕೋಣೆ, ಹುಳಕ್ಕೆ ಕೊಟ್ಟಿಗೆ. ನಾಳೆ ಹಸೂಗೆ ಸೋಫಾ ಹಾಕ್ತೀರೇನೋ."

"ಹಾಕ್ತೀನಿ ಕಣೇ. ಮೊದ್ಲು ನಿನ್ನ ಗಂಡಂಗೆ ಒಂದು ಹಾಕು, ಹೊಸಲ ಮೇಲೆ ಕೂತು ಕೂತು ಚಡ್ಡಿ ಸವೆದೋಗಿದೆ."

ಎಲ್ಲಕ್ಕಿಂತ ಕಷ್ಟದ್ದು ಬೇರೆ ಇತ್ತು. ಏಳು ವರ್ಷ ತನ್ನ ಪಕ್ಕೆಯಲ್ಲಿ ಮಲಗಿದ್ದ ಮಗುವನ್ನು ಅವಳು ಬೇರೆ ಹಾಸಿಗೆಗೆ ಕಳಿಸಿದಳು. ಚರೋಸ್ ಮೂರು ದಿನ ಅತ್ತಳು. ಬುವಿ ಅತ್ತದ್ದು ಕೊಟ್ಟಿಗೆಯಲ್ಲಿ. ಆಮೇಲೆ ಅವಳಿಗೆ ಒಂದು ಯೋಚನೆ ಹೊಳೆಯಿತು. ಡಾಕ್ಟರು ಹತ್ತಿಯ ರಜಾಯಿ ಬೇಡ ಎಂದಿದ್ದಳಲ್ಲವೇ? ಏಳು ವರ್ಷದಿಂದ ಅವಳು ಗೂಡು ಬಿಡಿಸುವಾಗ ಮೇಲಿನ ತುಪ್ಪುಳವನ್ನು, ಕೆಟ್ಟ ಗೂಡಿನ ಎಳೆಗಳನ್ನು ಚೀಲದಲ್ಲಿ ಕೂಡಿಟ್ಟಿದ್ದಳು, ಚರೋಸಳ ಮದುವೆಗೆಂದು. ಅವಳ ಮಟ್ಟಿಗೆ ಲೋಕದಲ್ಲಿ ರೇಷ್ಮೆಗಿಂತ ಶುದ್ಧವಾದದ್ದು ಇರಲಿಲ್ಲ. ಹುಳು ಕೊಳಕು ಎಂದರೆ ಒಪ್ಪುತ್ತಾಳೆ. ಹಿಕ್ಕೆ ಇರುತ್ತದೆ, ಚಿಟ್ಟೆಯ ರೆಕ್ಕೆಪುಡಿ ಇರುತ್ತದೆ. ಎಳೆಯಲ್ಲಿ ಏನಿರಲು ಸಾಧ್ಯ? ಸತ್ತವರಿಗೂ ಹುಟ್ಟಿದವರಿಗೂ ಹೊದಿಸುವಂಥದ್ದು. ಆ ಎಳೆಯನ್ನೆಲ್ಲ ಕೈಯಲ್ಲೇ ಬಿಡಿಸಿ, ಒಂದೆಳೆ ಹತ್ತಿಯೂ ಸೇರದಂತೆ ತುಂಬಿ, ಕೆಂಪು ಹೂವಿನ ಬಟ್ಟೆಯಲ್ಲಿ ರಜಾಯಿ ಹೊಲಿದಳು. ಇಪ್ಪತ್ತು ದಿನ ಹಿಡಿಯಿತು.

"ತಗೋ ಕಂದಾ, ಇದು ನಾನೇ ಅಂದ್ಕೊ. ಬುವಿ ಪಕ್ಕದಲ್ಲೇ ಇದ್ದಾಳೆ ಅಂತ ಹೊದ್ಕೊಂಡು ಮಲ್ಕೊ."

ಚರೋಸ್ ಅದರೊಳಗೆ ಮುಖ ಹುದುಗಿಸಿ, "ಬುವಿ ವಾಸ್ನೆ ಬರ್ತಿದೆ!" ಎಂದು ನಕ್ಕಳು. ಆ ಮಾತಿಗೆ ಮುದುಕಿ ಸೋತೇ ಹೋದಳು.

ಪುಸ್ತಕದ ಅಂಕಿ ಇಳಿಯತೊಡಗಿದ್ದು ಆ ವಾರದಿಂದ. ಇನ್ನೂರಕ್ಕೆ ಏರುತ್ತಿದ್ದ ಮುಳ್ಳು ಬೆಳಗ್ಗೆ ನೂರ ಎಪ್ಪತ್ತು, ಆಮೇಲೆ ನೂರೈವತ್ತು. ಶಾಲೆಗೆ ಹೋಗಿ ಬಂದರೆ ಸಂಜೆಗೆ ತುಸು ಏರುವುದು, ಮಲಗಿ ಎದ್ದರೆ ಮತ್ತೆ ಇಳಿದಿರುವುದು. ಮನೆಯಲ್ಲಿ ಹುಳುವಿಲ್ಲ, ಹೊಗೆಯಿಲ್ಲ, ಹಳೇ ಹತ್ತಿಯಿಲ್ಲ, ಮತ್ತೇನಿದೆ? ಕೋಕಂದ್ ಊರಿನ ಕಡೆಯಿಂದ ಬೀಸುವ ಧೂಳುಗಾಳಿ ಇರಬೇಕೆಂದು ಇನೋಯತ್ ಕಿಟಕಿ ಮುಚ್ಚಿದಳು. ಶೀತ ತಾಗದಿರಲೆಂದು ರಜಾಯಿಯನ್ನು ಗಲ್ಲದ ತನಕ ಎಳೆದು, ಎರಡೂ ಬದಿ ಒತ್ತಿ ಸಿಕ್ಕಿಸಿದಳು. ಮಗು ಹೆಚ್ಚು ಕೆಮ್ಮಿದಷ್ಟೂ ಹೆಚ್ಚು ಬಿಗಿಯಾಗಿ ಹೊದಿಸಿದಳು. ಅವಳ ಅಕ್ಕರೆಗೆ ಎಲ್ಲೂ ಕುಂದಿರಲಿಲ್ಲ, ಅದೇ ನನಗೆ ಭಯ ಹುಟ್ಟಿಸುವುದು.

ಮೇ ತಿಂಗಳ ಮೊದಲ ವಾರ ಸಯ್ಯೋರಾಳ ತವರಿನಲ್ಲಿ ಮದುವೆ. ಕಾರ್ಖಾನೆ ರಜೆ ಕೊಡಲಿಲ್ಲ, ಎರ್ಗಶ್ ಮಗಳೊಬ್ಬಳನ್ನೇ ಕರೆದುಕೊಂಡು ಹೋದ. ಅವರು ಹೋದ ಮೇಲೆ ಇನೋಯತ್ ನೋಡುತ್ತಾಳೆ, ನೀಲಿ ಪಂಪು ಮಗುವಿನ ಜೇಬಿನಲ್ಲಿ ಹೋಗಿದೆ, ಕಂದು ಪಂಪು ಗೂಡಿನಲ್ಲೇ ಉಳಿದಿದೆ. ತನ್ನ ಮರೆವು. ಸೊಸೆಗೆ ಹೇಳುವ ಧೈರ್ಯವಾಗಲಿಲ್ಲ, ಬೇಲಿಯಾಚೆಯ ಬಷೋರತ್ ಹತ್ತಿರ ಮಾತ್ರ ಹೇಳಿಕೊಂಡಳು. ಐದನೇ ದಿನ ಚರೋಸ್ ಅಂಗಳದಲ್ಲಿ ಕುಣಿದುಕೊಂಡು ಬಂದಳು. ಕೆನ್ನೆ ಕೆಂಪಗಿತ್ತು. ಮುಳ್ಳು ಇನ್ನೂರಹತ್ತಕ್ಕೆ ಏರಿತು.

"ನೋಡಿದ್ರಾ?" ಬೇಲಿಯ ಮೇಲಿಂದ ಬಷೋರತ್. "ಔಷಧಿ ಬಿಟ್ಟ ನಾಲ್ಕೇ ದಿನಕ್ಕೆ ಮಗು ಹೂವಾಗಿದೆ. ಅದು ಹಾರ್ಮೋನು ಬುವಿ. ನಮ್ಮಕ್ಕನ ಮಗೂಗೂ ಕೊಟ್ಟಿದ್ರು. ಶ್ವಾಸಕೋಶ ಅದಕ್ಕೆ ಒಗ್ಗಿಬಿಟ್ರೆ ಮುಗೀತು, ಆಮೇಲೆ ಅದಿಲ್ದೆ ಉಸಿರೇ ಆಡಲ್ಲ. ಮಕ್ಕಳು ಬೆಳೆಯೋದೂ ನಿಲ್ಲುತ್ತೆ."

"ನಿನಗ್ಯಾರು ಹೇಳಿದ್ದು? ಡಾಕ್ಟರಾ?"

"ಡಾಕ್ಟರು ಹೇಳ್ತಾರಾ? ಅವರ ಅನ್ನ ಅದು."

ಇನೋಯತ್ ಬೈದು ಕಳಿಸಿದಳು. ಆದರೆ ಮಾತು ಒಳಗೆ ಇಳಿದಿತ್ತು. ಅವಳ ಲೆಕ್ಕ ಸರಳ: ಕಂದು ಪಂಪು ಇದ್ದಾಗ ಮಗು ಕುಂದಿತು, ಇಲ್ಲದಾಗ ಚೇತರಿಸಿತು. ಬಸ್ಸಿನಲ್ಲಿ ಹೊರೆಯಾಗುತ್ತದೆಂದು ರಜಾಯಿಯೂ ಮನೆಯಲ್ಲೇ ಉಳಿದಿತ್ತೆಂಬುದು ಅವಳ ಲೆಕ್ಕದೊಳಗೆ ಬರಲೇ ಇಲ್ಲ. ಯಾರ ಲೆಕ್ಕದೊಳಗೂ ಬರಲಿಲ್ಲ. ಮರುದಿನದಿಂದ ಅವಳು ಪಂಪು ಕೊಡುವುದನ್ನು ನಿಲ್ಲಿಸಿದಳು. ಸೊಸೆಗೆ ಅನುಮಾನ ಬಾರದಿರಲೆಂದು ಎರಡೂ ಹೊತ್ತು ಮಗುವಿನ ಬಾಯಿ ಮಾತ್ರ ಮುಕ್ಕಳಿಸಿಸುತ್ತಿದ್ದಳು.

"ಬುವಿ, ಪಂಪು ಎಳ್ಕೊಳ್ಳೇ ಇಲ್ವಲ್ಲ?"

"ನಿನಗೆ ವಾಸಿಯಾಗಿದೆ ಕಂದಾ. ಅಮ್ಮಂಗೆ ಹೇಳ್ಬೇಡ, ಸುಮ್ನೆ ಗಾಬರಿ ಆಗ್ತಾಳೆ."

ಒಂದು ವಾರ ಏನೂ ಆಗಲಿಲ್ಲ, ಬುವಿ ಗೆದ್ದೆ ಎಂದುಕೊಂಡಳು. ಆಮೇಲೆ ಅಂಕಿ ಇಳಿಯಿತು. ಈ ಸಲ ಮೆಟ್ಟಿಲಿಳಿದ ಹಾಗಲ್ಲ, ಜಾರಿದ ಹಾಗೆ. ನೂರ ಅರವತ್ತು. ನೂರಮೂವತ್ತು. ನೀಲಿ ಪಂಪು ದಿನಕ್ಕೊಮ್ಮೆ ಬೇಕಾಗಿದ್ದದ್ದು ಮೂರು ಸಲ, ನಾಲ್ಕು ಸಲ ಬೇಕಾಯಿತು. ಶಾಲೆಯಲ್ಲಿ ಹಗ್ಗದಾಟ ನಿಂತಿತು. ಮಗು ಮಾತನ್ನು ಅರ್ಧಕ್ಕೆ ನಿಲ್ಲಿಸಿ ಉಸಿರೆಳೆದು ಮುಂದುವರಿಸುವುದನ್ನು ಕಲಿಯಿತು. ಹೆಗಲು ಮೇಲೆತ್ತಿ ಕೂರುವುದೇ ಅಭ್ಯಾಸವಾಯಿತು.

"ಓಯಿ, ಡಾಕ್ಟರು ಕಾಯ್ಬೇಡಿ ಅಂದಿದ್ರು," ಒಂದು ಬೆಳಗ್ಗೆ ಸಯ್ಯೋರಾ ಪುಸ್ತಕ ಹಿಡಿದು ಅತ್ತೆಯ ಮುಂದೆ ನಿಂತಳು; ಅತ್ತೆಯನ್ನು ಅವಳು ಅಮ್ಮ ಎಂಬರ್ಥದಲ್ಲಿ ‘ಓಯಿ’ ಎಂದೇ ಕರೆಯುತ್ತಿದ್ದಳು. "ನಾಳೆ ಕರ್ಕೊಂಡು ಹೋಗೋಣ್ವಾ?"

"ಹುಳ ಹಣ್ಣಾಗ್ತಿದೆ ಮಗಳೇ. ದಿನಕ್ಕೆ ಎಂಟು ಸಲ ಸೊಪ್ಪು ಹಾಕ್ಬೇಕು. ಐದೇ ದಿನ, ಗೂಡಿಗೆ ಹತ್ತಲಿ. ಆಮೇಲೆ ನಾನೇ ಕೈ ಹಿಡ್ಕೊಂಡು ಕರ್ಕೊಂಡು ಹೋಗ್ತೀನಿ."

ಹುಳು ಒಂದು ನೆಪ. ಡಾಕ್ಟರ ಮುಂದೆ ಕೂತರೆ ಪಂಪಿನ ಮಾತು ಬರುತ್ತದೆಂಬುದೇ ನಿಜವಾದ ಹೆದರಿಕೆ. ಹಿರಿಯರ ಮಾತಿಗೆ ಎದುರಾಡಿ ಅಭ್ಯಾಸವಿಲ್ಲದ ಸೊಸೆ ಪುಸ್ತಕ ಮಡಚಿಟ್ಟು ಕೆಲಸಕ್ಕೆ ಹೋದಳು. ಹಾಳಾದ ಆ ಐದು ದಿನ! ಅವಳು ಅವತ್ತೊಂದು ದಿನ ಜಗಳವಾಡಿದ್ದರೆ ಏನು ಗಂಟು ಹೋಗುತ್ತಿತ್ತು?

ನಾಲ್ಕನೇ ದಿನ ಶನಿವಾರ. ಚರೋಸ್ ಶಾಲೆಯಿಂದ ಬಂದವಳೇ ಸುಸ್ತು ಎಂದು ರಜಾಯಿ ಹೊದ್ದು ಮಲಗಿದಳು. ಇನೋಯತ್ ಕೊಟ್ಟಿಗೆಯಲ್ಲಿ ಒಣಕಡ್ಡಿಯ ಕಟ್ಟುಗಳನ್ನು ನಿಲ್ಲಿಸುತ್ತಿದ್ದಳು. ಹಣ್ಣು ಹುಳುಗಳು ತಲೆಯೆತ್ತಿ ಹತ್ತಲು ಹವಣಿಸುತ್ತಿದ್ದವು. ಒಂದು ಗಂಟೆಯ ಮೇಲೆ ಬಟ್ಟೆ ಬದಲಿಸಿ ಒಳಗೆ ಬಂದಳು. ಮಗು ಮಲಗಿರಲಿಲ್ಲ. ಹಾಸಿಗೆಯ ಮೇಲೆ ಎರಡೂ ಕೈಯೂರಿ, ಮುಂದಕ್ಕೆ ಬಾಗಿ ಕುಳಿತಿತ್ತು. ಕುತ್ತಿಗೆಯ ಬುಡದಲ್ಲಿ, ಪಕ್ಕೆಲುಬುಗಳ ನಡುವೆ ಚರ್ಮ ಒಳಕ್ಕೆ ಸೇದಿ ಸೇದಿ ಬಿಡುತ್ತಿತ್ತು. ವಾರದಿಂದ ಕೇಳುತ್ತಿದ್ದ ಸಿಳ್ಳೆ ಈಗಿರಲಿಲ್ಲ. ಸಿಳ್ಳೆ ಊದುವಷ್ಟೂ ಗಾಳಿ ಆ ಎದೆಯಲ್ಲಿ ಓಡಾಡುತ್ತಿರಲಿಲ್ಲ.

"ಬು... ವಿ..."

"ಬಂದೆ, ಬಂದೆ ಕಂದಾ, ಮಾತಾಡ್ಬೇಡ."

ನೀಲಿ ಪಂಪನ್ನು ಕೊಳವೆಗೆ ಸಿಗಿಸಿ ಒತ್ತಿದಳು. ಡಾಕ್ಟರು ಹೇಳಿಕೊಟ್ಟಂತೆ ಒಂದು ಒತ್ತು, ಐದಾರು ಉಸಿರು, ಮತ್ತೊಂದು ಒತ್ತು. ಹತ್ತರ ತನಕ ತಪ್ಪದೆ ಎಣಿಸಿದಳು. ತುಟಿಯ ಸುತ್ತ ನೀಲಿ ಏರಿತೇ ಹೊರತು ಇಳಿಯಲಿಲ್ಲ. ಅವಳು ಅಂಗಳಕ್ಕೆ ಓಡಿ ಕೂಗಿದ ಕೂಗಿಗೆ ಬಷೋರತ್ ಗಂಡನನ್ನೂ ಕಾರನ್ನೂ ಎಳೆದುಕೊಂಡೇ ಬಂದಳು.

"ಕೈಕಾಲು ಐಸಾಗಿದೆ ಬುವಿ! ಏನಾದ್ರೂ ಸುತ್ತಿ!"

ಇನೋಯತ್ ಸುತ್ತಿದಳು. ಕೈಗೆ ಸಿಕ್ಕಿದ್ದನ್ನಲ್ಲ, ಮನೆಯಲ್ಲಿದ್ದ ಅತ್ಯುತ್ತಮವಾದದ್ದನ್ನು. ಕೆಂಪು ಹೂವಿನ ರಜಾಯಿಯಲ್ಲಿ ಮೊಮ್ಮಗಳನ್ನು ತಲೆಯಿಂದ ಪಾದದವರೆಗೆ ಮುಚ್ಚಿ, ಮಡಿಲಲ್ಲಿಟ್ಟುಕೊಂಡು, ಗಾಳಿ ತಾಗದಂತೆ ಕಾರಿನ ಗಾಜು ಏರಿಸಿ ಕುಳಿತಳು. ಆಸ್ಪತ್ರೆಗೆ ಇಪ್ಪತ್ತೈದು ನಿಮಿಷದ ದಾರಿ. ಆ ದಾರಿಯುದ್ದಕ್ಕೂ ಅವಳು ಮಗುವನ್ನು ಎದೆಗೆ ಒತ್ತಿ ಹಿಡಿದಿದ್ದಳು, ಎದೆಯ ಕಾವಿಗೆ ಬದುಕದೆ ಹೋದದ್ದು ಅವಳ ಆಯುಸ್ಸಿನಲ್ಲಿ ಒಂದೂ ಇರಲಿಲ್ಲ. ಅರ್ಧ ದಾರಿಯಲ್ಲಿ ಚರೋಸಳ ತಲೆ ಅವಳ ತೋಳಿಗೆ ವಾಲಿತು. ಮಗು ಅವಳ ಕಡೆ ನೋಡುವುದನ್ನೂ ನಿಲ್ಲಿಸಿತ್ತು.

ಬಾಗಿಲಲ್ಲೇ ಡಾಕ್ಟರು ಮವ್ಜುದಾ ಎದುರಾದಳು. ಒಂದು ಮಾತೂ ಕೇಳದೆ ರಜಾಯಿ ಕಿತ್ತು ನೆಲಕ್ಕೆ ಎಸೆದು, ಮಗುವನ್ನು ಎತ್ತಿಕೊಂಡು ಒಳಗೆ ಓಡಿದಳು. ಬಾಗಿಲು ಮುಚ್ಚಿತು. ಕಾರ್ಖಾನೆಯ ತಲೆವಸ್ತ್ರದಲ್ಲೇ ಓಡಿಬಂದ ಸಯ್ಯೋರಾಗೆ ಅತ್ತೆ ಗೋಡೆಗೊರಗಿ ರಜಾಯಿ ಮಡಚುತ್ತ ಕೂತದ್ದು ಕಾಣಿಸಿತು. ಒಳಗಿನಿಂದ ಯಂತ್ರದ ಗುರ್ ಎಂಬ ಸದ್ದು ಬಿಟ್ಟರೆ ಬೇರೆ ಏನೂ ಕೇಳುತ್ತಿರಲಿಲ್ಲ. ಎರಡು ಗಂಟೆ ಹಾಗೇ ಕಳೆಯಿತು.

ಡಾಕ್ಟರು ಹೊರಬಂದಾಗ ಅವಳ ಕನ್ನಡಕ ಹಣೆಯ ಮೇಲಿತ್ತು.

"ಉಸಿರಾಡ್ತಿದ್ದಾಳೆ. ಈ ಸಲ ಉಳಿದ್ಲು. ಇನ್ನೊಂದು ಕಾಲು ಗಂಟೆ ತಡವಾಗಿದ್ರೆ ನನ್ನ ಕೈಲೂ ಆಗ್ತಿರ್ಲಿಲ್ಲ." ಅವಳ ಕಣ್ಣು ರಜಾಯಿಯ ಮೇಲೆ ಬಿತ್ತು. ಹೊಲಿಗೆ ಸಂದಿಯಿಂದ ಹೊರಬಂದ ಎಳೆಯೊಂದನ್ನು ಬೆರಳಲ್ಲಿ ಹಿಡಿದಳು. "ಏನು ತುಂಬಿದೀರಿ ಇದಕ್ಕೆ?"

"ರೇಷ್ಮೆ," ಎಂದಳು ಇನೋಯತ್. ಆ ಹೊತ್ತಿನಲ್ಲೂ ಅವಳ ದನಿಯಲ್ಲಿ ಕೊಂಚ ಹೆಮ್ಮೆ ಇತ್ತು. "ಹತ್ತೀಲಿ ಧೂಳು ಅಂದಿದ್ರಲ್ಲ ನೀವು. ಇದ್ರಲ್ಲಿ ಒಂದೆಳೆ ಹತ್ತಿ ಇಲ್ಲ. ನಮ್ಮ ಮನೇದೇ ಗೂಡಿನ ತುಪ್ಪುಳ, ಏಳು ವರ್ಷದ್ದು."

"ತೊಳೆದಿದ್ರಾ? ಬೇಯಿಸಿದ್ರಾ?"

"ಬೇಯಿಸಿದ್ರೆ ಮೆತ್ತಗಿರಲ್ವಲ್ಲ."

ಮವ್ಜುದಾ ಬೆಂಚಿನ ಮೇಲೆ ಕುಳಿತೇಬಿಟ್ಟಳು. ಬೈಯಲಿಲ್ಲ. "ಹುಳದ ಮೈಪುಡಿ, ಚಿಟ್ಟೆಯ ಪುಡಿ, ಎಲ್ಲಾ ಆ ಎಳೇಲೇ ಅಂಟ್ಕೊಂಡಿರುತ್ತೆ ಅಮ್ಮ. ಹುಳದ ಕೋಣೆಯಿಂದ ಮಗೂನ ಹೊರಗೆ ತಂದ್ರಿ, ಸರಿ. ಆಮೇಲೆ ಆ ಕೋಣೇನೇ ಅವಳಿಗೆ ಹೊದಿಸಿದ್ರಿ."

ಇನೋಯತಳ ಕೈ ರಜಾಯಿಯ ಮೇಲಿಂದ ಜಾರಿತು. ಮಾರ್ಚಿನಿಂದ ಇವತ್ತಿನ ಕಾರಿನವರೆಗೆ, ತಾನು ಗಲ್ಲದ ತನಕ ಎಳೆದು ಸಿಕ್ಕಿಸಿದ ಒಂದೊಂದು ಸಲವೂ ಕಣ್ಣ ಮುಂದೆ ಬಂತು.

"ಆದ್ರೂ ಇಷ್ಟು ಕೆಡಬಾರ್ದಿತ್ತು," ಡಾಕ್ಟರು ಕಾಗದ ತೆಗೆದಳು. "ಕಂದು ಪಂಪು ಎರಡು ಹೊತ್ತು ಎಳ್ಕೊಳ್ಳೋ ಮಗು ಈ ಸ್ಥಿತಿಗೆ ಬರೋದು ಕಡಿಮೆ. ಬಿಟ್ಟಿದ್ರಾ?"

"ಒಂದು ಹೊತ್ತೂ ಬಿಟ್ಟಿಲ್ಲ," ಎಂದಳು ಸಯ್ಯೋರಾ. "ನಮ್ಮ ಓಯಿ ತಮ್ಮ ಕೈಯಾರೆ ಕೊಡ್ತಾರೆ. ಬಾಯಿ ಮುಕ್ಕಳಿಸೋದನ್ನ ನಾನೇ ದಿನಾ ನೋಡ್ತೀನಿ."

"ಹಾಗಾದ್ರೆ ಅದು ಇವಳಿಗೆ ನಾಟ್ತಿಲ್ಲ. ಜೋರಾದದ್ದು ಬರೀಬೇಕಾಗುತ್ತೆ. ಮಾತ್ರೆ, ತಿಂಗಳುಗಟ್ಟಲೆ ನುಂಗಬೇಕು. ಇಷ್ಟು ಚಿಕ್ಕ ಮೈಗೆ ಅದು ಒಳ್ಳೇದಲ್ಲ, ಮೂಳೆಗೂ ಪೆಟ್ಟು. ಬೇರೆ ದಾರಿ ಇಲ್ಲ."

ಪೆನ್ನು ಕಾಗದದ ಮೇಲೆ ಓಡತೊಡಗಿತು. ಇನೋಯತ್ ಸುಮ್ಮನಿದ್ದರೆ ಸಾಕಿತ್ತು. ಗೊತ್ತಿದ್ದವಳು ಚರೋಸ್ ಒಬ್ಬಳು, ಅವಳು ಬುವಿಯ ಗುಟ್ಟು ಬಿಟ್ಟುಕೊಡುವವಳಲ್ಲ. ರಜಾಯಿಯ ತಪ್ಪನ್ನು ಯಾರಾದರೂ ಕ್ಷಮಿಸುತ್ತಾರೆ, ಅದು ಗೊತ್ತಿಲ್ಲದೆ ಆದದ್ದು. ಇದು ಹಾಗಲ್ಲ. ಸೊಸೆಯ ಮುಖ ನೋಡಿದಳು. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಅತ್ತೆಯ ಮಾತಿಗೆ ಎದುರಾಡದ, ಈಗಲೂ ಅತ್ತೆಯ ಪರವಾಗಿ ಆಣೆಯಿಡಲು ತಯಾರಾದ ಮುಖ.

"ಬರೀಬೇಡಿ," ಎಂದಳು.

"ಏನು?"

"ಬರೀಬೇಡಿ ಡಾಕ್ಟರಮ್ಮ. ನಾನು ಕೊಡ್ಲಿಲ್ಲ. ಹದಿನೇಳು ದಿನ ಆಯ್ತು. ಬರೀ ಬಾಯಿ ಮುಕ್ಕಳಿಸಿಸ್ತಿದ್ದೆ."

ಪೆನ್ನು ನಿಂತಿತು. ಮವ್ಜುದಾ ಆ ಕಾಗದ ಹರಿದು, ಹೊಸದು ತೆಗೆದು, ಹಳೇ ಕಂದು ಪಂಪಿನ ಹೆಸರನ್ನೇ ಮತ್ತೆ ಬರೆದಳು. ಬರೆದು ಎದ್ದು ಒಳಗೆ ಹೋದಳು.

ಸಯ್ಯೋರಾ ಕೂಗಾಡಿದ್ದರೆ ಇನೋಯತ್ ತಡೆದುಕೊಳ್ಳುತ್ತಿದ್ದಳು, ಕೆನ್ನೆಗೆ ಹೊಡೆದಿದ್ದರೂ. ಸೊಸೆ ತಲೆವಸ್ತ್ರ ಬಿಚ್ಚಿ, ಮತ್ತೆ ಬಿಗಿಯಾಗಿ ಕಟ್ಟಿಕೊಂಡಳು.

"ಓಯಿ," ಎಂದಳು, ಎಂದಿನ ಮರ್ಯಾದೆಯ ದನಿಯಲ್ಲೇ, "ನೀವು ಮನೆಗೆ ಹೋಗಿ. ಹುಳ ಹಣ್ಣಾಗಿದೆ ಅಂದ್ರಲ್ಲ."

ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಇನೋಯತ್ ಮನೆಗೆ ಹೋಗಲಿಲ್ಲ. ರಜಾಯಿಯನ್ನು ಆಸ್ಪತ್ರೆಯ ಕಸದ ಡಬ್ಬಕ್ಕೆ ತುರುಕಿ, ಕಟ್ಟಡವನ್ನು ಸುತ್ತು ಹಾಕಿ, ಚರೋಸ್ ಮಲಗಿದ್ದ ಕೋಣೆಯ ಕಿಟಕಿ ಹುಡುಕಿದಳು. ಕಿಟಕಿ ತೆರೆದಿತ್ತು. ಅದರ ಕೆಳಗಿದ್ದ ಕಲ್ಲುಬೆಂಚಿನ ಮೇಲೆ ಕುಳಿತಳು. ಇಲ್ಲಿಂದ ಮಗುವಿನ ಕೆಮ್ಮಾದರೂ ಕೇಳುತ್ತದೆ ಎಂದುಕೊಂಡಳು. ಸ್ವಲ್ಪ ಹೊತ್ತಿಗೆ ಕೋಕಂದ್ ಕಡೆಯ ಗಾಳಿ ಎದ್ದಿತು. ರಜಾಯಿಯ ಎಳೆ ಅಂಟಿದ್ದ ಅವಳ ತಲೆವಸ್ತ್ರದ ಅಂಚು ಕಿಟಕಿಯ ಕಡೆಗೆ ಹಾರುವುದನ್ನು ನೋಡಿದಳು. ನೋಡಿ, ಮಂಡಿ ಹಿಡಿದುಕೊಂಡು ಎದ್ದು, ಏನೂ ಕೇಳಿಸದಷ್ಟು ದೂರಕ್ಕೆ, ಗೇಟಿನಾಚೆ ಹೋಗಿ ಕುಳಿತಳು.